ಔಷಧಿಯ ಗುರುತು ಹಿಡಿಯುವ ಬೆಳ್ಳಿ ಕಾಗದ

ಎರಡು ವರ್ಷದ ಹಿಂದೆ ನನ್ನ ಆರು ಚೀಲ ಒಣಮೆಣಸಿನಕಾಯಿಯನ್ನು ವ್ಯಾಪಾರಿಯೊಬ್ಬರು ‘ಇದರಾಗ ಔಷಧಿ ಅಂಶ ಉಳದೈತಿ’ ಅಂತ ಬೆಲೆ ಇಳಿಸಿ ಕೊಂಡರು. ಕಡೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ತಿಂಗಳು ದಾಟಿತ್ತು. ಅದನ್ನು ತೋರಿಸಲು ನನ್ನ ಹತ್ತಿರ ಏನಿತ್ತು? ಬರೀ ಬಾಯಿಮಾತು. ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವತನಕ ಮಾಲು ಇಟ್ಟುಕೊಂಡು ಕೂರುವ ತಾಕತ್ತು ನನಗಿರಲಿಲ್ಲ.

ಕೆಮಿಸ್ಟ್ರಿ ಓದುವ ಮಗಳಿಗೆ ಇದನ್ನು ಹೇಳಿದಾಗ ಅವಳೊಂದು ಹೊಸ ವಿಷಯ ತಿಳಿಸಿದಳು. ಸೋಸುವ ಕಾಗದದ ನಾರಿನ ಮೇಲೆ ಬೆಳ್ಳಿಯ ಅತಿಸಣ್ಣ ಕಣ ಕೂರಿಸುತ್ತಾರೆ. ಇವುಗಳ ಅಳತೆ ನ್ಯಾನೋಮೀಟರಿನಲ್ಲಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಕಾಗದವನ್ನು ಸ್ಪಿರಿಟ್‌ನಲ್ಲಿ ಒದ್ದೆ ಮಾಡಿ ಹಣ್ಣಿನ ಸಿಪ್ಪೆ ಒರೆಸಿದರೆ ಅಲ್ಲಿದ್ದ ಔಷಧಿ ಕಾಗದಕ್ಕೆ ಬರುತ್ತದೆ. ಆಮೇಲೆ ಅದರ ಮೇಲೆ ಲೇಸರ್ ಬೆಳಕು ಬಿಡುವುದು.

ಬೆಳಕು ವಸ್ತುವಿಗೆ ಬಡಿದು ಚದುರುವಾಗ ಅದರ ಅತ್ಯಲ್ಪ ಪಾಲು ಬಣ್ಣ ಬದಲಿಸುತ್ತದೆಂದು ನಮ್ಮ ಸಿ.ವಿ. ರಾಮನ್ 1928ರಲ್ಲಿ ತೋರಿಸಿದರು. ಈ ಬದಲಾವಣೆ ಒಂದೊಂದು ರಾಸಾಯನಿಕಕ್ಕೆ ಒಂದೊಂದು ಥರ, ಹೆಬ್ಬೆಟ್ಟಿನ ಗುರುತಿನ ಹಾಗೆ. ಆದರೆ ಬಲು ಮಸುಕು. ಬೆಳ್ಳಿ ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದರ ಗುರುತು ಮಾತ್ರ ಲಕ್ಷಾಂತರ ಪಟ್ಟು ಎದ್ದು ಕಾಣುತ್ತದೆ. ಶೇಂಗಾ ಬೀಜಕ್ಕೆ ಕಿಲೋಗೆ 3 ಗ್ರಾಂ ಬೆರೆಸುವ ಥೈರಾಮ್ ಗೊತ್ತಲ್ಲ? ಅದರಲ್ಲಿ ಗಂಧಕ ಇರುವುದರಿಂದ ಬೆಳ್ಳಿಗೆ ಗಟ್ಟಿಯಾಗಿ ಅಂಟಿ ಬೇಗ ಸಿಕ್ಕಿಬೀಳುತ್ತದೆ.

‘ಹಂಗಾದ್ರ ನಮ್ಮ ಮೆಣಸಿನಕಾಯಿಗೂ ಹಚ್ಚಿ ನೋಡೋಣು’ ಅಂದೆ. ‘ಅಷ್ಟ ಸರಳ ಇಲ್ಲಪ್ಪಾ’ ಅಂದಳು. ಎಲ್ಲ ಔಷಧಿಯೂ ಬೆಳ್ಳಿಗೆ ಅಂಟುವುದಿಲ್ಲ. ಮೂರ್ನಾಲ್ಕು ಬೆರೆತಿದ್ದರೆ ಗುರುತು ಒಂದರ ಮೇಲೊಂದು ಬೀಳುತ್ತದೆ. ಮೆಣಸಿನಕಾಯಿಯ ಕೆಂಪು ಬಣ್ಣವೂ ತನ್ನದೇ ಗುರುತು ಕೊಡುತ್ತದೆ. ಬೆಳ್ಳಿ ದಿನ ಕಳೆದಂತೆ ಕಪ್ಪಾಗುತ್ತದೆ. ಕಾಗದ ಅಗ್ಗವಾದರೂ ಅದನ್ನು ಓದುವ ಯಂತ್ರ ದುಬಾರಿ. ಕಾಗದ ‘ಇಲ್ಲ’ ಅಂದ ಮಾತ್ರಕ್ಕೆ ಔಷಧಿ ಇಲ್ಲವೆಂದಲ್ಲ. ಕಡೆಯ ತೀರ್ಮಾನ ಪ್ರಯೋಗಾಲಯದ್ದೇ.

ನನ್ನ ಅನಿಸಿಕೆ ಇಷ್ಟು. ಇಂಥ ಯಂತ್ರ ಒಬ್ಬೊಬ್ಬ ರೈತನ ಮನೆಗೆ ಬೇಡ. ಮಾರುಕಟ್ಟೆಯಲ್ಲಿ ತಕ್ಕಡಿಯ ಪಕ್ಕ, ರೈತನ ಕಣ್ಣೆದುರು ಒಂದಿರಲಿ. ಅನುಮಾನ ಬಂದ ಮಾಲು ಮಾತ್ರ ಪ್ರಯೋಗಾಲಯಕ್ಕೆ ಹೋಗಲಿ.

ಅಲ್ಲಿಯತನಕ ನಾನು ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಔಷಧಿಯ ಹೆಸರು, ಪ್ರಮಾಣ, ಹೊಡೆದ ತಾರೀಕು, ಕೊಯ್ದ ತಾರೀಕು ಎಲ್ಲ ಅದರಲ್ಲಿದೆ. ಅಂಗಡಿ ಬಿಲ್ಲೂ ಅದರೊಳಗೇ. ಈ ಸಲ ವ್ಯಾಪಾರಿ ಅದೇ ರಾಗ ತೆಗೆದಾಗ ಪುಟ ಬಿಚ್ಚಿ ಮುಂದಿಟ್ಟೆ. ಬೆಲೆ ಏರಲಿಲ್ಲ, ಆದರೆ ಇಳಿಯಲೂ ಇಲ್ಲ. ನೀವೂ ಹೀಗೆ ಲೆಕ್ಕ ಇಟ್ಟಿದ್ದರೆ ಬರೆದು ತಿಳಿಸಿ.