ಗಾಳಿಯಿಂದ ತಣಿಯುವ ಎಂಜಿನ್‌ಗೆ ಹೊಸ ಫ್ಯಾನ್

ಗಾಳಿಯಿಂದ ತಣಿಯುವ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಸಿಲಿಂಡರ್ ಸುತ್ತಲಿನ ಲೋಹದ ತೆಳು ರೆಕ್ಕೆಗಳ ಮೇಲೆ ಗಾಳಿ ಹರಿಯಬೇಕು. ಬೈಕಿಗೆ ಓಟದ ಗಾಳಿಯೇ ಸಾಕು. ನಮ್ಮ ರಸ್ತೆಗಳಿಗೆ ಪರಿಚಿತವಾದ ಹಳೆಯ ಬಜಾಜ್ ಚೇತಕ್‌ನಲ್ಲಿ ಎಂಜಿನ್ ಮುಚ್ಚಿರುತ್ತದೆ. ಅಲ್ಲಿ ಫ್ಲೈವೀಲ್ ಮೇಲಿನ ಎಸಳುಗಳೇ ಗಾಳಿ ಊದುತ್ತವೆ.

1963ರಲ್ಲಿ ಪ್ರದರ್ಶನಕ್ಕೆ ಬಂದ ಪೋರ್ಷೆ 911 ಕಾರಿನದೂ ಇದೇ ತತ್ವವಾಗಿತ್ತು. ಹಿಂಬದಿಯ ಎಂಜಿನ್ ಮೇಲೆ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್, ಅದರ ನಡುವೆಯೇ ಆಲ್ಟರ್ನೇಟರ್. ಹೀಗಾಗಿ ಬೆಲ್ಟ್ ಹರಿದರೆ ಚಾರ್ಜಿಂಗ್ ದೀಪ ಹೊತ್ತಿಕೊಳ್ಳುತ್ತದೆ. ಆಗ ಗಾಡಿ ಓಡಿಸುವುದು ಎಂಜಿನ್ ಸುಟ್ಟುಕೊಂಡಂತೆಯೇ. ಮೊದಲು 11 ಎಸಳಿದ್ದ ಈ ಫ್ಯಾನನ್ನು 1970ರ ದಶಕದ ನಡುವೆ 2.7 ಲೀಟರ್ ಎಂಜಿನ್‌ನ ಕೆಲವು ಕಾರುಗಳಲ್ಲಿ 5 ಎಸಳಿಗೆ ಇಳಿಸಲಾಯಿತು. ಮೊದಲೇ ಬಿಸಿಯಾಗುವ ಎಂಜಿನ್‌ಗೆ ಇದು ಒಗ್ಗದ ಬದಲಾವಣೆ. ಅಂಥ ಕಾರಿನ ಮಾಲೀಕರು ಈಗ ಮತ್ತೆ 11 ಎಸಳಿನ ಫ್ಯಾನ್ ಹಾಕಿಸುವುದೇ ಹೆಚ್ಚು.

ಸಣ್ಣ ಪುಲ್ಲಿ ಹಾಕಿ ಫ್ಯಾನಿನ ವೇಗ ಹೆಚ್ಚಿಸುವುದೂ ಒಂದು ದಾರಿ. ಆದರೆ ವೇಗ ಇಮ್ಮಡಿಯಾದರೆ ಫ್ಯಾನ್ ನುಂಗುವ ಶಕ್ತಿ ಸುಮಾರು 8 ಪಟ್ಟಾಗುತ್ತದೆ, ಸದ್ದೂ ಏರುತ್ತದೆ. ಖರ್ಚಿಗೆ ಮುನ್ನ ಎಂಜಿನ್ ಸುತ್ತಲಿನ ತಗಡಿನ ಹೊದಿಕೆಯ ಸಂದುಗಳನ್ನು ಮುಚ್ಚಿ, ರೆಕ್ಕೆಗಳಿಗೆ ಮೆತ್ತಿದ ಮಣ್ಣು, ಎಣ್ಣೆ ತೊಳೆಯುವುದು ಜಾಣತನ. ಶಾಖದ ದೊಡ್ಡ ಪಾಲನ್ನು ಎಂಜಿನ್ ಆಯಿಲ್ ಹೊರುವುದರಿಂದ ಕಾರಿನ ಮುಂಭಾಗದಲ್ಲಿ ಇನ್ನೊಂದು ಆಯಿಲ್ ಕೂಲರ್ ಜೋಡಿಸುವುದೂ ಉಂಟು.