ಅಧಿಕಾರಸ್ಥ ಸ್ತ್ರೀಯರೂ ಕಷ್ಟಕಾಲವೂ

ಉದ್ಯೋಗದಲ್ಲಿ ಯಶಸ್ಸೆಂದರೇನೆಂದು ಪುರುಷನೊಬ್ಬನನ್ನು ಕೇಳಿದರೆ ಆತನು ಪ್ರಾಯಶಃ ತನ್ನ ಸಂಬಳವನ್ನೂ ಹುದ್ದೆಯನ್ನೂ ಮುಂದಿನ ಬಡ್ತಿಯ ಕಾಲವನ್ನೂ ಹೇಳುವನು. ನಮ್ಮ ಕಚೇರಿಗಳೆಲ್ಲವೂ ಈ ಕ್ರಮದ ಮೇಲೆಯೇ ನಿಂತಿರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಹಾಲಿನ ಸಂಘವನ್ನೋ ಪಂಚಾಯಿತಿಯನ್ನೋ ನಡೆಸುವ ಸ್ತ್ರೀಗೆ ಏರತಕ್ಕ ಮೆಟ್ಟಿಲುಗಳೇ ಇಲ್ಲ. ಹಾಗಿದ್ದರೂ ಅವರಲ್ಲಿ ಕೆಲವರು ತಾವು ಗೆದ್ದೆವೆಂದೂ ಕೆಲವರು ಸೋತೆವೆಂದೂ ಎಣಿಸುತ್ತಾರೆ. ಆ ಎಣಿಕೆಗೆ ಆಧಾರವೇನು, ಕಷ್ಟಕಾಲ ಬಂದಾಗ ಅದು ಹೇಗೆ ಬದಲಾಗುತ್ತದೆ ಎಂಬುದು ವಾಚಕ ಮಹಾಶಯರು, ವಿಶೇಷವಾಗಿ ಅಧಿಕಾರಿವರ್ಗದವರು, ಆಲೋಚಿಸತಕ್ಕ ವಿಷಯವೆಂದು ನಾವು ತಿಳಿದಿದ್ದೇವೆ.

ಈ ಸೀಮೆಯಲ್ಲಿ ಸ್ತ್ರೀಯು ಕಾರ್ಯಭಾರ ಹೊತ್ತದ್ದು ಹೊಸ ಸಂಗತಿಯಲ್ಲ. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದ ಮೇಲೆ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಹೈದರಾಲಿಯ, ಅನಂತರ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಇದ್ದುಕೊಂಡು, ಪ್ರಧಾನ ತಿರುಮಲರಾಯರ ಮೂಲಕ ಮದರಾಸಿನ ಇಂಗ್ಲಿಷರೊಡನೆ ಸಂಧಾನ ನಡೆಸಿದರು. 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಆ ಸಂಧಾನದಿಂದ ಪರಕೀಯರ ಕೈ ಬಲಗೊಂಡಿತೆಂಬುದು ನಮಗೆ ಸಂತೋಷದ ಮಾತಲ್ಲ; ಆದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಆ ಪಟ್ಟು ಸಾಮಾನ್ಯವಾದುದೆಂದು ಯಾರೂ ಹೇಳಲಾರರು. ಪಟ್ಟವಾದ ಮೇಲೆ ಆಡಳಿತದ ಸೂತ್ರವು ದಿವಾನ್ ಪೂರ್ಣಯ್ಯನವರ ಕೈಯಲ್ಲಿಯೂ ಬ್ರಿಟಿಷ್ ರೆಸಿಡೆಂಟರ ಮೇಲ್ವಿಚಾರಣೆಯಲ್ಲಿಯೂ ಉಳಿಯಿತು. ಮಹಾರಾಣಿಯವರು 1810ರಲ್ಲಿ ತೀರಿಕೊಂಡರು. ಹುದ್ದೆಯ ಅಳತೆಯಿಂದ ನೋಡಿದರೆ ಅವರಿಗೆ ದೊರೆತದ್ದು ಅಲ್ಪ. ಹಿಡಿದ ಕಾರ್ಯ ಮುಗಿಯಿತೇ ಎಂಬ ಅಳತೆಯಿಂದ ನೋಡಿದರೆ ಅದು ಪೂರ್ಣ.

ವಾಣಿವಿಲಾಸ ಸನ್ನಿಧಾನದವರ ವಿಷಯವೂ ಇಂತಹುದೇ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲ ಮರಣ ಹೊಂದಲು, 1902ರವರೆಗೆ ಅವರು ರೀಜೆಂಟರಾಗಿದ್ದರು. 1897ರಲ್ಲಿ ಅರಮನೆ ಸುಟ್ಟಿತು. 1898ರಲ್ಲಿ ಪ್ಲೇಗು ಬಂದಿತು. ಅದೇ ಅವಧಿಯಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ಆರಂಭವಾಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಬೆಳಕು ಹೋಯಿತು. ಈ ಕೀರ್ತಿಯನ್ನು ನಾವೆಲ್ಲರೂ ದಿವಾನ್ ಶೇಷಾದ್ರಿ ಅಯ್ಯರವರ ಹೆಸರಿನಲ್ಲಿ ಹೇಳುವುದು ವಾಡಿಕೆ. ಅವರಿಗೆ ಅದು ಸಲ್ಲತಕ್ಕದ್ದೇ. ಆದರೆ ಮಂಜೂರಾತಿಯ ಹೊಣೆ ಹೊತ್ತವರ ಹೆಸರು ಮರೆಯಾಗುವುದೇಕೆ? ಮಾಡಿದ ಕೆಲಸ ಯಾರ ಹೆಸರಿಗೆ ಜಮೆಯಾಗುತ್ತದೆ ಎಂಬ ಈ ಪ್ರಶ್ನೆ ಅರಮನೆಯಲ್ಲಿ ಮಾತ್ರವಲ್ಲ, ಹಳ್ಳಿಯ ಡೈರಿಯಲ್ಲಿಯೂ ಇದೆ.

1986-87ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ಕರ್ನಾಟಕದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದವು. ಅಧ್ಯಕ್ಷೆ, ಕಾರ್ಯದರ್ಶಿ, ಹಾಲು ಪರೀಕ್ಷಕಿ ಎಲ್ಲರೂ ಹೆಂಗಸರೇ. ಕಾರ್ಯದರ್ಶಿಯ ದಿನಚರಿಯನ್ನು ಪಟ್ಟಣವಾಸಿಗಳು ಒಮ್ಮೆ ನೋಡಬೇಕು. ಮುಂಜಾನೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ವರ್ಷದ ಒಂದು ದಿನವೂ ಬಿಡುವಿಲ್ಲದೆ ಹಾಲು ಅಳೆಯಬೇಕು. ಜಿಡ್ಡಿನ ಅಂಶ ನೋಡಬೇಕು. ಕೆಟ್ಟ ಹಾಲನ್ನು ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿಸಿದ ಹಾಲು ಅನೇಕವೇಳೆ ಸ್ವಂತ ಓರಗಿತ್ತಿಯದೋ, ಎದುರು ಮನೆಯ ಅತ್ತೆಯದೋ ಆಗಿರುತ್ತದೆ. ಬಟವಾಡೆ ತಡವಾದರೆ ಒಕ್ಕೂಟವನ್ನು ಯಾರೂ ಬೈಯುವುದಿಲ್ಲ; ಬೈಗುಳ ಕಾರ್ಯದರ್ಶಿಗೆ. ಸಂಬಳವೋ, ಕೂಲಿಗಿಂತ ಹೆಚ್ಚೆಂದು ಹೆಮ್ಮೆ ಪಡುವಷ್ಟು ಇರುವುದಿಲ್ಲ. ಅಂಥವಳಿಗೆ ಯಶಸ್ಸೆಂದರೆ, ತಾನು ಬರೆದ ಅಂಕಿಯನ್ನು ಊರು ಮರುಮಾತಿಲ್ಲದೆ ನಂಬುವುದು. ನಮ್ಮ ಅನೇಕ ಗೆಜೆಟೆಡ್ ಅಧಿಕಾರಿಗಳಿಗೂ ಈ ಭಾಗ್ಯ ಲಭಿಸಿಲ್ಲ.

ಈ ನಂಬಿಕೆಯ ಪರೀಕ್ಷೆ ಕಷ್ಟಕಾಲದಲ್ಲಿ ಆಗುತ್ತದೆ. 2020ರ ಲಾಕ್‌ಡೌನಿನಲ್ಲಿ ಪೇಟೆ ಮುಚ್ಚಿತು, ಹೋಟೆಲುಗಳು ಮುಚ್ಚಿದವು, ಆದರೆ ಹಸುವು ಹಾಲು ಕೊಡುವುದನ್ನು ನಿಲ್ಲಿಸಲಿಲ್ಲ. ಸಂಘಗಳೂ ಬಾಗಿಲು ಹಾಕಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದಲ್ಲಿ ರಾಸುಗಳು ಸತ್ತವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ನಾಲೆಯ ನೀರು ಕಂಡ ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ಹಸಿ ಮೇವಿಗೆ ತತ್ವಾರವಾದರೆ, ಬಹುಪಾಲು ಮಳೆಯನ್ನೇ ನೆಚ್ಚಿದ ನಾಗಮಂಗಲದ ಪಾಡನ್ನು ಹೇಳತಕ್ಕದ್ದೇನು? ಇಂತಹ ವರ್ಷದಲ್ಲಿ ಹಾಲಿನ ಅಳತೆ ಇಳಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಸಂಘವು ಸೋತಂತೆ ಕಾಣುತ್ತದೆ. ಅದನ್ನು ನಡೆಸಿದವಳು ಮಾತ್ರ, ಒಂದು ಹೊತ್ತೂ ತಪ್ಪದೆ ಬಾಗಿಲು ತೆರೆದ ಆ ವರ್ಷವನ್ನೇ ತನ್ನ ಗೆಲುವಿನ ವರ್ಷವೆಂದು ಎಣಿಸಿದರೆ ನಾವು ಆಕೆಯ ಪಕ್ಷ.

ಇದಕ್ಕೆ ಪ್ರತಿಯಾದ ಸಂಗತಿಯೂ ಉಂಟು. 2021ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಟ್ಯಾಂಕರಿನ ಹಾಲಿಗೆ ನೀರು ಬೆರೆಸಿದರೆಂಬ ಪ್ರಕರಣ ಹೊರಬಿದ್ದಿತು. ಅಪರಾಧದ ನಿರ್ಣಯ ನಮ್ಮದಲ್ಲ. ಆದರೆ ನೆರೆಯವಳ ಚೊಂಬಿನಲ್ಲಿ ತೊಟ್ಟು ನೀರು ಬಿದ್ದರೂ ಹಿಂದಕ್ಕೆ ಕಳುಹಿಸಿ ನಿಷ್ಠುರ ಕಟ್ಟಿಕೊಂಡ ಹೆಂಗಸು ಆ ವಾರ್ತೆಯನ್ನು ಓದಿದಾಗ ತನ್ನ ಕಟ್ಟುನಿಟ್ಟಿಗೆ ಏನು ಬೆಲೆ ಕಟ್ಟಿಕೊಂಡಿರಬೇಕು? ಮೇಲಿನವರ ನಡತೆಯಿಂದ ಕೆಳಗಿನವರ ಆತ್ಮತೃಪ್ತಿ ಹಾಳಾಗುವ ಬಗೆ ಇದು.

ಪಂಚಾಯಿತಿಯ ಕಡೆಗೆ ಬರೋಣ. ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿಯೇ ಕರ್ನಾಟಕದ ಸ್ತ್ರೀಯರಿಗೆ ನಾಲ್ಕರಲ್ಲೊಂದು ಪಾಲಿತ್ತು. 1993ರ ಕಾಯಿದೆಯಿಂದ ಅದು ಮೂರರಲ್ಲೊಂದಾಯಿತು, ಮುಂದೆ ಅರ್ಧಕ್ಕೇರಿತು. 2020ರ ಡಿಸೆಂಬರಿನಲ್ಲಿ ಆರಿಸಿಬಂದು, ಮರು ವರ್ಷ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತ ಹೆಂಗಸರಿಗೆ ಕೆಲಸ ಕಲಿಯಲು ತಿಂಗಳುಗಳೂ ಸಿಗಲಿಲ್ಲ. ಏಪ್ರಿಲಿನಲ್ಲಿ ಕೋವಿಡಿನ ಎರಡನೆಯ ಅಲೆ ಬಂದು ಗ್ರಾಮದ ಕಾರ್ಯಪಡೆಯ ಹೊಣೆ ಹೆಗಲೇರಿತು. ಹಿಂದಿನ ವರ್ಷ ಮುಂಬಯಿಯಿಂದ ಊರಿಗೆ ಮರಳಿದವರ ವಿಷಯದಲ್ಲಿ ಕೃಷ್ಣರಾಜಪೇಟೆ ಪಟ್ಟ ಪಾಡನ್ನು ಎಲ್ಲರೂ ಕಂಡಿದ್ದರು. ಮೂವತ್ತು ತಿಂಗಳು ಮುಗಿಯುತ್ತಲೇ ಮೀಸಲಾತಿಯ ಸರದಿ ಬದಲಾಯಿತು. ಅನುಭವ ಪಡೆದವಳು ಮೇಲಕ್ಕೆ ಹೋಗೋಣವೆಂದರೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೆಳಗಿನ ಮೆಟ್ಟಿಲನ್ನು ಕಾನೂನು ಕೊಟ್ಟಿತು, ಮೇಲಿನ ಮೆಟ್ಟಿಲನ್ನು ಸರ್ಕಾರವೇ ತಡೆಹಿಡಿಯಿತು. ಸ್ತ್ರೀಯರಿಗೆ ಮಹತ್ವಾಕಾಂಕ್ಷೆ ಸಾಲದೆಂದು ಉಪನ್ಯಾಸ ಮಾಡುವ ಮಹನೀಯರು ಇದಕ್ಕೇನೆನ್ನುವರೋ!

ಇನ್ನು ಮನೆಯ ಯಜಮಾನರ ವಿಷಯ. ಅಧ್ಯಕ್ಷೆಯ ಗಂಡನೇ ‘ಅಧ್ಯಕ್ಷರು’ ಎನಿಸಿಕೊಂಡು ಸಭೆಯಲ್ಲಿ ಕುಳಿತುಕೊಳ್ಳುವ ದೃಶ್ಯವನ್ನು ವಾಚಕರಿಗೆ ವರ್ಣಿಸಬೇಕಾಗಿಲ್ಲ. ಆದರೆ ಗಂಡನ ನೆರವೆಲ್ಲವೂ ಅಪಹರಣವೆಂದು ಹೇಳುವುದೂ ನ್ಯಾಯವಲ್ಲ. ಬೈಕಿನಲ್ಲಿ ತಾಲ್ಲೂಕು ಕಚೇರಿಗೆ ಕರೆತಂದು, ಹೊರಗೆ ಹೊಂಗೆಯ ನೆರಳಿನಲ್ಲಿ ಕಾಯುವ ಗಂಡನೂ ಇದ್ದಾನೆ. ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ಸೊಸೆಯನ್ನು ಸಭೆಗೆ ಕಳುಹಿಸುವ ಅತ್ತೆಯೂ ಇದ್ದಾಳೆ. ಗಂಡಸು ಒಳಗೆ ಬಂದು ಕುರ್ಚಿಯಲ್ಲಿ ಕೂರುವನೋ, ಹೊರಗೆ ಕಾಯುವನೋ ಎಂಬಷ್ಟರಲ್ಲಿಯೇ ಆಕೆಯ ಯಶಸ್ಸಿನ ಭಾವನೆ ಅರ್ಧಕ್ಕರ್ಧ ನಿರ್ಧಾರವಾಗಿಬಿಡುತ್ತದೆ.

ಅಧಿಕಾರಿಗಳಲ್ಲಿ ನಮ್ಮ ಅರಿಕೆ ದೊಡ್ಡದಲ್ಲ. ಪಾಂಡವಪುರದಿಂದಾಗಲಿ ನಾಗಮಂಗಲದಿಂದಾಗಲಿ ಪಂಚಾಯಿತಿಗೆ ದೂರವಾಣಿ ಮಾಡಿದಾಗ ಅಧ್ಯಕ್ಷೆಯ ಸ್ವಂತ ಸಂಖ್ಯೆಗೇ ಮಾಡತಕ್ಕದ್ದು. ಗಂಡನು ಉತ್ತರ ಕೊಟ್ಟರೆ, “ಅಮ್ಮನವರಿಗೆ ಕೊಡಿ” ಎಂದು ಹೇಳತಕ್ಕದ್ದು. ಸಂಘದ ವಾರ್ಷಿಕ ವರದಿಯಲ್ಲಿ ಬರದ ವರ್ಷದ ಹಾಲಿನ ಇಳಿಕೆಯನ್ನು ಅಚ್ಚು ಮಾಡುವಾಗ, ಆ ವರ್ಷ ಎಷ್ಟು ಬಟವಾಡೆಗಳು ಸಕಾಲದಲ್ಲಿ ಆದವೆಂಬುದನ್ನೂ ಪಕ್ಕದಲ್ಲಿಯೇ ಅಚ್ಚು ಮಾಡಿ, ಕೆಳಗೆ ಕಾರ್ಯದರ್ಶಿಯ ಹೆಸರನ್ನು ಪೂರ್ತಿಯಾಗಿ ಹಾಕತಕ್ಕದ್ದು.