ಪರದೇಶದ ಬಾಡಿಗೆ ಕಾರಿಗೆ ನಮ್ಮ ವಿಮೆ ನಡೆಯುತ್ತದೆಯೇ?

ಪ್ರಶ್ನೆ: ನಾನು ಶಿರಾದವನು. ಮಗಳನ್ನು ನೋಡಲು ವಿದೇಶಕ್ಕೆ ಹೊರಟಿದ್ದೇನೆ. ಅಲ್ಲಿ ಬಾಡಿಗೆ ಕಾರು ಓಡಿಸಬಹುದೇ? ವಿಮೆಯ ಕಥೆ ಏನು?

ಉತ್ತರ: ಓಡಿಸಬಹುದು. ಆದರೆ ಅನೇಕ ದೇಶಗಳು ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಕೇಳುತ್ತವೆ. ಶಿರಾ, ಕೊರಟಗೆರೆ, ಪಾವಗಡದವರಿಗೂ ಕೆಎ-64ರ ಮಧುಗಿರಿ ಆರ್‌ಟಿಒ ಕಚೇರಿಯೇ ಇದಕ್ಕೆ ದಿಕ್ಕು. ಪಾಸ್‌ಪೋರ್ಟ್ ಬೇಕು. ಅವಧಿ ಹೆಚ್ಚೆಂದರೆ 1 ವರ್ಷ. 1949ರ ಜಿನೀವಾ ಒಪ್ಪಂದದಂತೆ ಕೊಡುವ ಪುಸ್ತಿಕೆಯಿದು. ಜಪಾನಿನಲ್ಲಿ ನಡೆಯುತ್ತದೆ, ಚೀನಾದಲ್ಲಿ ನಡೆಯದು.

ತಲೆಕೆಡಿಸಿಕೊಳ್ಳಬೇಕಾದದ್ದು ವಿಮೆಗೆ. ನಿಮ್ಮ ಊರಿನ ಕಾರಿನ ವಿಮೆ ಅಲ್ಲಿ ಕೆಲಸಕ್ಕೆ ಬಾರದು. ಪ್ರವಾಸ ವಿಮೆ ಆಸ್ಪತ್ರೆ ಖರ್ಚು ನೋಡಿಕೊಂಡೀತು. ಬಾಡಿಗೆ ಕಾರಿನ ಬಾಗಿಲು ನೆಗ್ಗಿದರೆ ಸಾಮಾನ್ಯವಾಗಿ ಕೈಯೆತ್ತುತ್ತದೆ. ಬಾಡಿಗೆ ಕಂಪನಿ ಕೊಡುವ ವಿಮೆಯಲ್ಲೂ ‘ಎಕ್ಸೆಸ್’ ಎಂಬ ಮೊದಲ ಪಾಲು ನಿಮ್ಮ ತಲೆಗೇ. ಅದಕ್ಕೆಂದೇ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಟೈರು, ಗಾಜು, ಕಾರಿನ ತಳಭಾಗ ಹಲವು ಪಾಲಿಸಿಗಳಲ್ಲಿ ಸೇರಿರುವುದೇ ಇಲ್ಲ. ಮಗಳು ಸ್ಟೇರಿಂಗ್ ಹಿಡಿಯುವುದಿದ್ದರೆ ಅವಳ ಹೆಸರೂ ಕರಾರಿನಲ್ಲಿರಬೇಕು, ಇಲ್ಲದಿದ್ದರೆ ವಿಮೆ ಸಿಗದೆ ಹೋಗಬಹುದು.

ಕೀಲಿ ಕೈಗೆ ಬಂದೊಡನೆ ಬಂಪರ್, ಚಕ್ರದ ರಿಮ್ ಮೇಲಿನ ಹಳೆಯ ಗೀರುಗಳ ಫೋಟೊ ತೆಗೆದು, ಅವನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಎಕ್ಸೆಸ್ ಇಳಿಸುವ ಹೆಚ್ಚುವರಿ ವಿಮೆಗೆ ಮಾತ್ರ ದಯವಿಟ್ಟು ಜಿಪುಣತನ ಮಾಡಬೇಡಿ.